ಹಳೆಯ ವಾದ್ಯದ ಬೆಲೆ

ಹಳೆಯ ಪಾತ್ರೆಯನ್ನು ಮಾರುವುದಕ್ಕೂ ಹಳೆಯ ವಾದ್ಯವನ್ನು ಮಾರುವುದಕ್ಕೂ ಬಹಳ ಅಂತರವುಂಟು. ಪಾತ್ರೆಯನ್ನು ತಕ್ಕಡಿಯಲ್ಲಿಟ್ಟರೆ ಅದರ ಬೆಲೆ ತಿಳಿಯುತ್ತದೆ. ವಾದ್ಯವನ್ನಾದರೋ ಯಾವ ತಕ್ಕಡಿಯಲ್ಲಿ ತೂಗಬೇಕು? ಈ ಪ್ರಶ್ನೆಯು ಕಳೆದ ಬೇಸಗೆಯಲ್ಲಿ ನಮ್ಮ ಮನೆಯ ಜಗಲಿಗೇ ಬಂದು ಕುಳಿತುದರಿಂದ, ಈ ತಿಂಗಳು ಅದನ್ನೇ ವಾಚಕರ ಮುಂದಿಡಲು ಬಯಸುತ್ತೇವೆ.

ಮೈಸೂರಿನ ನಮ್ಮ ಮನೆಯ ಮಹಡಿಯಲ್ಲಿ ಒಬ್ಬ ಯುವಕನು ಹೆಂಡತಿ ಮತ್ತು ಮಗಳೊಡನೆ ಬಾಡಿಗೆಗಿದ್ದಾನೆ. ಹಿಂದೆ ಎಂಟನೆಯ ತರಗತಿಯಲ್ಲಿ ನಮ್ಮ ಬಳಿಯೇ ರಾಮಶಬ್ದವನ್ನು ಬಾಯಿಪಾಠ ಮಾಡಿದವನು. ಹಗಲಿನಲ್ಲಿ ಒಂದು ಕಾರ್ಖಾನೆಯ ಲೆಕ್ಕ ಬರೆಯುತ್ತಾನೆ. ರಾತ್ರಿಯ ಹೊತ್ತು, ಕರೆ ಬಂದಾಗ, ವಾದ್ಯಗೋಷ್ಠಿಯೊಂದರಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದನು. ಮೇ ತಿಂಗಳ ಒಂದು ಸಂಜೆ ಉದ್ದನೆಯ ಕರಿಯ ಚೀಲವೊಂದನ್ನು ಹೆಗಲಿಗೇರಿಸಿಕೊಂಡು ಕೆಳಗಿಳಿದು ಬಂದು, "ಮೇಷ್ಟ್ರೆ, ಇದನ್ನು ಮಾರಬೇಕೆಂದಿದ್ದೇನೆ. ಜಾಹೀರಾತಿಗೆ ನಾಲ್ಕು ಸಾಲು ತಾವೇ ಬರೆದುಕೊಡಬೇಕು. ನಾನು ಬರೆದರೆ ಒಂದೋ ಹೊಗಳಿಕೆಯಾಗುತ್ತದೆ, ಇಲ್ಲವೇ ಗೋಳಾಗುತ್ತದೆ" ಎಂದನು.

ಬರೆಯಬೇಕಾದರೆ ವಸ್ತುವಿನ ಜ್ಞಾನ ಬೇಕಷ್ಟೆ. ಗಿಟಾರ್ ಎಂಬುದೆಲ್ಲ ಒಂದೇ ಎಂದು ಅದುವರೆಗೆ ತಿಳಿದಿದ್ದ ನಾವು, ಶಿಷ್ಯನಿಗೇ ಶಿಷ್ಯರಾಗಿ ಕುಳಿತೆವು. ಭರತಮುನಿಯು ವಾದ್ಯಗಳನ್ನು ತತ, ಸುಷಿರ, ಅವನದ್ಧ, ಘನ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿರುವನು. ತಂತಿಗಳುಳ್ಳದ್ದಾದುದರಿಂದ ಇದು ತತವಾದ್ಯವೆಂಬುದು ನಿಶ್ಚಯ. ಆದರೆ ಸಾಮಾನ್ಯ ಗಿಟಾರಿಗೆ ಆರು ತಂತಿಗಳಾದರೆ ಇದಕ್ಕೆ ನಾಲ್ಕೇ. ಅವೂ ಹಗ್ಗದಂತೆ ದಪ್ಪ. ಇದರ ನಾದವು ಗೋಷ್ಠಿಯ ಎಲ್ಲ ನಾದಗಳಿಗಿಂತಲೂ ಕೆಳಗೆ, ಮನೆಯ ತಳಪಾಯದಂತೆ ಇರುತ್ತದೆ. ತಾಳವಾದ್ಯದ ಪೆಟ್ಟಿಗೂ ಹಾಡಿನ ಸ್ವರಕ್ಕೂ ನಡುವೆ ನಿಂತು ಎರಡನ್ನೂ ಒಂದಾಗಿ ಕಟ್ಟುವುದು ಇದರ ಕೆಲಸ. "ನಾನು ನುಡಿಸುವಾಗ ಯಾರಿಗೂ ಗೊತ್ತಾಗುವುದಿಲ್ಲ ಮೇಷ್ಟ್ರೆ; ನಿಲ್ಲಿಸಿದರೆ ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ" ಎಂದು ಅವನು ನಕ್ಕನು. ಸಂಸಾರದಲ್ಲಿಯೂ ಇಂತಹವರಿರುವುದನ್ನು ವಾಚಕರು ಬಲ್ಲರು.

ಈ ವಾದ್ಯದ ಹುಟ್ಟಿನ ಕಥೆಯೂ ಕೇಳತಕ್ಕದ್ದೇ. ಪಾಶ್ಚಾತ್ಯ ಗೋಷ್ಠಿಗಳಲ್ಲಿ ಮೊದಲು ಈ ಕೆಲಸವನ್ನು ಮಾಡುತ್ತಿದ್ದುದು ಆಳೆತ್ತರದ ಡಬಲ್ ಬೇಸ್ ಎಂಬ ವಾದ್ಯ. ಅದನ್ನು ಊರಿಂದೂರಿಗೆ ಸಾಗಿಸುವುದು ಕಷ್ಟ. ಸಾಗಿಸಿದರೂ ತಮಟೆ ತುತ್ತೂರಿಗಳ ನಡುವೆ ಅದರ ದನಿ ಕೇಳಿಸುತ್ತಿರಲಿಲ್ಲ. ಅಮೆರಿಕದ ಸಿಯಾಟಲ್ ನಗರದ ಪಾಲ್ ಟುಟ್ಮಾರ್ಕ್ ಎಂಬವರು 1930ರ ದಶಕದಲ್ಲಿಯೇ ವಿದ್ಯುತ್ತಿನಿಂದ ನುಡಿಯುವ ಬೇಸನ್ನು ಮಾಡಿದ್ದರು; ಆದರೆ ಅದು ಹರಡಲಿಲ್ಲ. 1951ರಲ್ಲಿ, ಹಿಂದೆ ರೇಡಿಯೋ ರಿಪೇರಿ ಮಾಡುತ್ತಿದ್ದ ಲಿಯೋ ಫೆಂಡರ್ ಎಂಬವರು ಕ್ಯಾಲಿಫೋರ್ನಿಯದಲ್ಲಿ ಹೆಗಲಿಗೆ ತಗುಲಿಹಾಕಿಕೊಳ್ಳಬಹುದಾದ, ಮೆಟ್ಟಿಲುಗಳುಳ್ಳ ಬೇಸ್ ಗಿಟಾರನ್ನು ಹೊರತಂದರು. ಮೆಟ್ಟಿಲುಗಳಿರುವುದರಿಂದ ಸ್ವರವು ಕರಾರುವಾಕ್ಕಾಗಿ ಬೀಳುವುದೆಂಬ ಅರ್ಥದಲ್ಲಿ ಅದಕ್ಕೆ 'ಪ್ರಿಸಿಷನ್' ಎಂದೇ ಹೆಸರಿಟ್ಟರು.

ಇದನ್ನು ಕೇಳಿದಾಗ ನಮಗೆ ನೆನಪಾದವರು ನಮ್ಮವರೇ ಆದ ಪಿಟೀಲು ಚೌಡಯ್ಯನವರು. ಧ್ವನಿವರ್ಧಕಗಳು ಇನ್ನೂ ಸಭೆಗಳನ್ನು ಹೊಕ್ಕಿರದ 1920ರ ದಶಕದಲ್ಲಿ, ತಮ್ಮ ಪಿಟೀಲಿನ ನಾದವು ಹಿಂದೆ ಕುಳಿತವರನ್ನು ಮುಟ್ಟುತ್ತಿಲ್ಲವೆಂದು ಮನಗಂಡು, ಅವರು ನಾಲ್ಕು ತಂತಿಗಳಿಗೆ ಮೂರನ್ನು ಕೂಡಿಸಿ ಏಳು ತಂತಿಯ ಪಿಟೀಲನ್ನು ರೂಢಿಗೆ ತಂದರು. ಎಲ್ಲಿಯ ಕ್ಯಾಲಿಫೋರ್ನಿಯ, ಎಲ್ಲಿಯ ತಿರುಮಕೂಡಲು! ಆದರೂ ಚಿಂತೆಯೊಂದೇ: ಕೊನೆಯ ಸಾಲಿನಲ್ಲಿ ಕುಳಿತಿರುವವನಿಗೂ ಕೇಳಿಸಬೇಕು. ಕೊನೆಯ ಸಾಲಿನಲ್ಲಿ ಜನರಿದ್ದ ಕಾಲದ ಚಿಂತೆಯದು. ಈಗ ಕೇಳಿಸುವ ಸಾಧನಗಳು ಬೇಕಾದಷ್ಟಿವೆ. ಬರಿದಾಗಿರುವುದು ಕೊನೆಯ ಸಾಲು.

ಜಾಹೀರಾತನ್ನು ಹೀಗೆ ಬರೆದುಕೊಟ್ಟೆವು: "ನಾಲ್ಕು ತಂತಿಯ ಬೇಸ್ ಗಿಟಾರ್. 2012ರಲ್ಲಿ ಹೊಸದಾಗಿ ಕೊಂಡದ್ದು. ಒಬ್ಬರೇ ನುಡಿಸಿದ್ದು. ಕತ್ತು ನೇರವಾಗಿದೆ. ಮೊದಲ ಐದು ಮೆಟ್ಟಿಲುಗಳು ಸ್ವಲ್ಪ ಸವೆದಿವೆ. ಒಂದು ತಿರುಗುಗುಂಡಿ ಕರಕರ ಎನ್ನುತ್ತದೆ. ಬೆಲೆ 15,000 ರೂಪಾಯಿ." ದೋಷಗಳನ್ನು ಬರೆಯುವುದು ಬೇಡವೆಂದು ಅವನ ಹೆಂಡತಿಯ ಅಭಿಪ್ರಾಯ. ಗುಣವನ್ನು ಕೊಳ್ಳುವವನು ತಾನೇ ಕಂಡುಕೊಳ್ಳುತ್ತಾನೆ, ದೋಷವನ್ನು ಮಾರುವವನೇ ಹೇಳಬೇಕು ಎಂದು ನಾವು ಸಮಾಧಾನ ಹೇಳಿದೆವು.

ಮೊದಲು ಬಂದವನು ಒಬ್ಬ ಹುಡುಗ. ತಂತಿಗಳನ್ನೆಣಿಸಿ, "ಎರಡು ತಂತಿ ಕಡಮೆ ಇವೆಯಲ್ಲ, ಬೆಲೆಯನ್ನೂ ಇಳಿಸಬೇಡವೇ?" ಎಂದು ಕೇಳಿ, ವಿಷಯ ತಿಳಿದ ಮೇಲೆ ನಾಚಿ ಹೊರಟುಹೋದನು. ಎರಡನೆಯವರು ಹಳೆಯ ವಾದ್ಯಗಳ ವ್ಯಾಪಾರಿಗಳು, ಕೆಲಸ ಬಲ್ಲವರು. ವಾದ್ಯವನ್ನು ಕಣ್ಣಿನ ಮಟ್ಟಕ್ಕೆತ್ತಿ, ಬಡಗಿಯು ಹಲಗೆಯ ನೇರವನ್ನು ನೋಡುವಂತೆ ಕತ್ತಿನುದ್ದಕ್ಕೂ ನೋಡಿದರು, ಒಂದೊಂದು ಮೆಟ್ಟಿಲಿನ ಮೇಲೂ ಬೆರಳೊತ್ತಿ ಮೀಟಿದರು, ಗುಂಡಿಗಳನ್ನು ತಿರುಗಿಸಿದರು. ಕೊನೆಗೆ, "ಏಳು ಸಾವಿರ ಕೊಡುತ್ತೇನೆ. ಬೇಸ್ ಕೇಳುವವರೇ ಇಲ್ಲ ಸ್ವಾಮಿ. ಅಂಗಡಿಯಲ್ಲಿ ಆಗಲೇ ನಾಲ್ಕು ಕುಳಿತಿವೆ. ಕೀಬೋರ್ಡಿನಲ್ಲೇ ಇದರ ನಾದವೂ ಬರುತ್ತದೆ, ಈಗಂತೂ ಹಾಡಿನ ಹಿಮ್ಮೇಳವೆಲ್ಲ ಮೊದಲೇ ಮುದ್ರಿತವಾಗಿ ಬರುತ್ತದೆ" ಎಂದರು. ಅವರ ಮಾತಿನಲ್ಲಿ ಮೋಸವಿರಲಿಲ್ಲ.

ಅವರು ಹೋದ ಮೇಲೆ ನಾವು ಯುವಕನನ್ನು ಕೇಳಿದೆವು: "ಅಪ್ಪಾ, ಮಗಳ ಶಾಲೆಯ ಶುಲ್ಕಕ್ಕೆ ಹಣ ಬೇಕಾಗಿದೆಯೆಂದು ತಿಳಿಯಿತು. ನಾವು ಸಾಲವಾಗಿ ಕೊಡುತ್ತೇವೆ. ನಿಧಾನವಾಗಿ ತೀರಿಸು. ವಾದ್ಯವನ್ನು ಮಾರಬೇಡ."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಣದ ಸಾಲವಾದರೆ ತೀರಿಸಬಹುದು ಮೇಷ್ಟ್ರೆ, ಕೇಳುವವರನ್ನು ಎಲ್ಲಿಂದ ಸಾಲ ತರಲಿ?" ಎಂದನು. ಅನಂತರ ಹಿಂದಿನ ವರ್ಷದ ಗಣೇಶನ ಹಬ್ಬದ ಸಂಗತಿಯನ್ನು ಹೇಳಿದನು. ನಮ್ಮ ಬೀದಿಯ ಪೆಂಡಾಲಿನಲ್ಲಿಯೇ ಅವರ ಗೋಷ್ಠಿ ನಡೆದಿತ್ತು. ಇನ್ನೂರು ಕುರ್ಚಿಗಳನ್ನು ಹಾಕಿದ್ದರು. ಇಳಯರಾಜರು ಸಂಗೀತ ನೀಡಿದ 1981ರ 'ಗೀತಾ' ಚಿತ್ರದ ಹಾಡನ್ನು ಎತ್ತಿಕೊಂಡಾಗ ಅವನು ತಲೆಯೆತ್ತಿ ಎಣಿಸಿದನಂತೆ: ಹನ್ನೊಂದು ಮಂದಿ. ಅವರಲ್ಲಿ ನಾಲ್ವರು ಕುರ್ಚಿ ಮಡಿಸಲು ಕಾದಿದ್ದ ಶಾಮಿಯಾನದ ಆಳುಗಳು.

ಈ ಮಾತು ನಮ್ಮ ಎದೆಗೆ ನಾಟಿದ ಕಾರಣವನ್ನು ವಾಚಕರಿಂದ ಮುಚ್ಚಿಡಲಾರೆವು. ಆ ರಾತ್ರಿ ನಾವೆಲ್ಲಿದ್ದೆವು? ಪೆಂಡಾಲಿಗೆ ಮೂರನೆಯ ಮನೆಯಲ್ಲಿ, ನಮ್ಮ ಕೊಠಡಿಯಲ್ಲಿದ್ದೆವು. ಸದ್ದು ಹೆಚ್ಚಾಯಿತೆಂದು ಎದ್ದು ಕಿಟಕಿಯನ್ನು ಮುಚ್ಚಿ, ಮೊಬೈಲಿನಲ್ಲಿ ಹಳೆಯ ಕಛೇರಿಯೊಂದನ್ನು ಹಾಕಿಕೊಂಡು, ಸಂಗೀತಕ್ಕೆ ಈಗ ಆದರವಿಲ್ಲವಾಯಿತಲ್ಲಾ ಎಂದು ನಿಟ್ಟುಸಿರು ಬಿಟ್ಟೆವು. ಹನ್ನೆರಡನೆಯವರಾಗಿ ಹೋಗಿ ಕುಳಿತುಕೊಳ್ಳಬೇಕೆಂದು ನಮಗೆ ತೋರಲಿಲ್ಲ.

ಈ ದುಃಸ್ಥಿತಿ ಇಂದಿನದಲ್ಲ, ನಮ್ಮ ಊರೊಂದರದೂ ಅಲ್ಲ. ಗ್ರಾಮಫೋನು ಬಂದ ಹೊಸತರಲ್ಲಿ, 1906ರಲ್ಲಿಯೇ, ಅಮೆರಿಕದ ಬ್ಯಾಂಡ್ ವಿದ್ವಾಂಸರಾದ ಜಾನ್ ಫಿಲಿಪ್ ಸೂಸಾ ಎಂಬವರು, ಯಂತ್ರದ ಸಂಗೀತವು ಮನೆಮಂದಿಯ ಹಾಡಿಕೆಯನ್ನು ನುಂಗುವುದೆಂದು ಎಚ್ಚರಿಸಿದ್ದರು. ಅದೇ ದೇಶದ ವಾದ್ಯಗಾರರ ಸಂಘವು 1942ರ ಆಗಸ್ಟ್ 1ರಿಂದ ಎರಡು ವರ್ಷಕ್ಕೂ ಮಿಗಿಲಾಗಿ ಧ್ವನಿಮುದ್ರಣಕ್ಕೆ ಅಸಹಕಾರ ಹೂಡಿತು. ತಾವು ಒಮ್ಮೆ ನುಡಿಸಿದ್ದು ಸಾವಿರ ಬಾರಿ ಮೊಳಗಿ ತಮ್ಮ ಅನ್ನವನ್ನೇ ಕಸಿಯುತ್ತದೆಂಬುದು ಅವರ ದೂರು. ಬ್ರಿಟನ್ನಿನಲ್ಲಿ 2023ನೆಯ ಒಂದೇ ವರ್ಷದಲ್ಲಿ 125 ಸಣ್ಣ ಸಂಗೀತಶಾಲೆಗಳು ಇಲ್ಲವಾದವೆಂದು ಅಲ್ಲಿಯ ಮ್ಯೂಸಿಕ್ ವೆನ್ಯೂ ಟ್ರಸ್ಟ್ ಲೆಕ್ಕ ಕೊಟ್ಟಿದೆ. ನಮ್ಮ ಬೆಂಗಳೂರಿನಲ್ಲಿ, ವಾದ್ಯಮೇಳ ನಡೆಸುವ ಹೋಟೆಲುಗಳು ಪರವಾನಗಿ ಪಡೆಯಬೇಕೆಂಬ 2005ರ ಆಜ್ಞೆಯನ್ನು 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಅದಾದ ಮೇಲೆ ಅನೇಕ ಕಡೆ ವಾದ್ಯಗಳು ಮೌನವಾದವು. ಎರಡು ವರ್ಷ ಕಳೆಯುವಷ್ಟರಲ್ಲಿ, 2020ರ ಮಾರ್ಚಿಯಲ್ಲಿ, ಮಹಾಮಾರಿಯು ಉಳಿದ ವೇದಿಕೆಗಳನ್ನೂ ಮುಚ್ಚಿಸಿತು. ಮನೆಯಲ್ಲಿ ಕುಳಿತೇ ಕೇಳುವ ಅಭ್ಯಾಸವು ಆಗ ಬಲಿತದ್ದು ಹಾಗೆಯೇ ಉಳಿದಿದೆ.

ಹಾಗಾದರೆ ಜನರು ಸಂಗೀತಕ್ಕೆ ಹೋಗುವುದೇ ಇಲ್ಲವೇ? ಹೋಗುತ್ತಾರೆ. 2025ರ ಜನವರಿಯಲ್ಲಿ ಅಹಮದಾಬಾದಿನ ಕ್ರೀಡಾಂಗಣದಲ್ಲಿ ಆಂಗ್ಲ ಗೋಷ್ಠಿಯೊಂದನ್ನು ಕೇಳಲು ಒಂದೊಂದು ರಾತ್ರಿ ಲಕ್ಷಕ್ಕೂ ಹೆಚ್ಚು ಜನರು ನೆರೆದಿದ್ದರು. 1939ರಲ್ಲಿ ಆರಂಭವಾದ ಬೆಂಗಳೂರಿನ ಕೋಟೆ ಹೈಸ್ಕೂಲಿನ ರಾಮನವಮಿ ಸಂಗೀತೋತ್ಸವವೂ ನಿಂತಿಲ್ಲ. ದೊಡ್ಡ ಮರಗಳಿಗೆ ನೀರು ಸಿಕ್ಕುತ್ತಿದೆ; ಒಣಗುತ್ತಿರುವುವು ಸಸಿಗಳು. ಆದರೆ ಸಸಿಯಾಗದೆ ಮರವಾದುದನ್ನು ಯಾರು ಕಂಡಿದ್ದಾರೆ? ಬೀದಿಯ ಪೆಂಡಾಲಿನಲ್ಲಿ ತಪ್ಪು ನುಡಿಸಿ, ತಿದ್ದಿಕೊಂಡು, ಮತ್ತೆ ನುಡಿಸಿದವನಲ್ಲವೇ ನಾಳೆ ದೊಡ್ಡ ವೇದಿಕೆಯನ್ನು ಹತ್ತುವವನು?

ನಾಟ್ಯಶಾಸ್ತ್ರದಲ್ಲಿ ರಂಗಮಂದಿರದ ಅಳತೆಯನ್ನು ಹೇಳುವ ಪ್ರಕರಣವೊಂದುಂಟು. ಮಂದಿರವು ಅತಿ ದೊಡ್ಡದಾದರೆ ಮಾತು ಅಸ್ಪಷ್ಟವಾಗುವುದು, ಮುಖದ ಭಾವವು ಕಾಣದೆ ಹೋಗುವುದು. ಆದುದರಿಂದ 64 ಹಸ್ತ ಉದ್ದ, 32 ಹಸ್ತ ಅಗಲದ ಮಧ್ಯಮ ಮಂದಿರವೇ ಮನುಷ್ಯರಿಗೆ ಯೋಗ್ಯವೆಂದು ಮುನಿಯ ಅಭಿಪ್ರಾಯ. ಅಷ್ಟೇ ಅಲ್ಲ, ಪ್ರೇಕ್ಷಕನಲ್ಲಿ ಇರಬೇಕಾದ ಗುಣಗಳನ್ನೂ ಆತನು ಎಣಿಸಿದ್ದಾನೆ. ನಟನಿಗೆ ಲಕ್ಷಣ ಹೇಳಿದಂತೆ ನೋಡುವವನಿಗೂ ಲಕ್ಷಣ ಹೇಳಿದುದರ ತಾತ್ಪರ್ಯವೇನು? ಕೇಳುವುದೂ ಒಂದು ಕೆಲಸ. ಅದನ್ನು ಮಾಡುವವರಿಲ್ಲದೆ ಕಲೆಯು ಪೂರ್ಣವಾಗುವುದಿಲ್ಲ ಎಂದೇ. ಇದನ್ನು ಹತ್ತಾರು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾವೇ ಕಿಟಕಿ ಮುಚ್ಚಿದವರು.

ಮೂರನೆಯದಾಗಿ ಬಂದವಳು ಎಂಜಿನಿಯರಿಂಗ್ ಓದುವ ಹುಡುಗಿ; ಜೊತೆಯಲ್ಲಿ ತಂದೆ. ಅವಳು ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನುಡಿಸಿದಳು. ನಮ್ಮ ಯುವಕನು ತಡೆಯಲಾರದೆ, "ಕಿರುಬೆರಳನ್ನು ಹೀಗಿಡಮ್ಮ, ಕೈ ನೋಯುವುದಿಲ್ಲ" ಎಂದು ತೋರಿಸಿಕೊಟ್ಟನು. ತಂದೆಯು ಹತ್ತು ಸಾವಿರಕ್ಕಿಂತ ಹೆಚ್ಚು ಕೊಡುವ ಶಕ್ತಿಯಿಲ್ಲವೆಂದು ಸಂಕೋಚದಿಂದ ಹೇಳಿದರು. ಯುವಕನು ಒಪ್ಪಿ, ಹೆಗಲಪಟ್ಟಿಯನ್ನೂ ತಂತಿಕೊಳವೆಯನ್ನೂ ಹಾಗೆಯೇ ಕೊಟ್ಟು, "ಎಲ್ಲಿಯಾದರೂ ನುಡಿಸುವಾಗ ತಿಳಿಸಮ್ಮ" ಎಂದನು. ಆ ರಾತ್ರಿ ಮಹಡಿಯ ಮೇಲೆ ಬಹಳ ಹೊತ್ತು ದೀಪವಿತ್ತು.

ಹುಡುಗಿಯು ಮಾತನ್ನು ಮರೆಯಲಿಲ್ಲ. ಈ ಸಲದ ಗಣೇಶನ ಹಬ್ಬದಲ್ಲಿ, ಪಕ್ಕದ ಬಡಾವಣೆಯ ಪೆಂಡಾಲಿನಲ್ಲಿ ಅವಳ ಕಾಲೇಜಿನವರ ಗೋಷ್ಠಿಯೆಂದು ತಿಳಿಸಿದಳು. ನಾವು ಬೀದಿಯ ಮನೆಮನೆಗೂ ಹೋಗಿ ಕರೆದೆವು. ಕೆಲವರು ಧಾರಾವಾಹಿಯ ನೆಪ ಹೇಳಿದರು, ಕೆಲವರು ಮಂಡಿನೋವಿನ ನೆಪ ಹೇಳಿದರು. ಆದರೂ ಏಳು ಮನೆಗಳಿಂದ ಇಪ್ಪತ್ತಮೂರು ಜನ ಹೊರಟೆವು. ಹುಡುಗರು ಎರಡು ಕಡೆ ತಾಳ ತಪ್ಪಿದರು. ಯಾರೂ ಎದ್ದು ಹೋಗಲಿಲ್ಲ. ಮೊದಮೊದಲು ಬೇಸಿನ ನಾದ ಯಾವುದೆಂದು ನಮಗೆ ತಿಳಿಯಲಿಲ್ಲ. ಕುರ್ಚಿಯ ಕೈಯ ಮೇಲೆ ಅಂಗೈಯಿಟ್ಟು ನೋಡಿರೆಂದು ನಮ್ಮ ಯುವಕನು ಹೇಳಿದನು. ಇಟ್ಟೊಡನೆ ತಿಳಿಯಿತು. ಮೊಬೈಲಿನ ಸಣ್ಣ ಬಾಯಿಂದ ಈ ನಾದವು ಎಂದಿಗೂ ಹೊರಡಲಾರದು. ನಾವು ತಿರುಗಿ ನೋಡಿದಾಗ ಅವನು ಹಿಂದೆ ಕಂಬಕ್ಕೊರಗಿ ನಿಂತಿದ್ದನು. ಎಡಗೈಯ ಬೆರಳುಗಳು ತಾವಾಗಿಯೇ ಆಡುತ್ತಿದ್ದುವು.

ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ. ನಿಮ್ಮ ಮನೆಯ ಅಟ್ಟದ ಮೇಲೆ ನುಡಿಸುವವರಿಲ್ಲದ ವೀಣೆಯೋ ಗಿಟಾರೋ ಹಾರ್ಮೋನಿಯಮ್ಮೋ ಇದ್ದರೆ ಇಂದೇ ಕೆಳಗಿಳಿಸಿರಿ. ತಂತಿವಾದ್ಯವಾದರೆ ಬಿರಿಯನ್ನು ತುಸು ಸಡಿಲಿಸಿ, ತೇವದ ಗೋಡೆಗೂ ಬಿಸಿಲಿಗೂ ದೂರವಾಗಿಡಿರಿ. ವೀಣೆಯ ಮೆಟ್ಟಿಲುಗಳು ಮೇಣದಲ್ಲಿ ಕುಳಿತಿರುವುದರಿಂದ ಅದಕ್ಕೆ ಬಿಸಿಲು ವಿಶೇಷವಾಗಿ ಶತ್ರು. ಮನೆಯಲ್ಲಿ ಕಲಿಯುವವರಿಲ್ಲವಾದರೆ ಕಲಿಯುವವರಿಗೆ ಕೊಡಿರಿ, ಇಲ್ಲವೇ ದೋಷವನ್ನು ಮುಚ್ಚದೆ ನ್ಯಾಯವಾದ ಬೆಲೆಗೆ ಮಾರಿರಿ. ಅದರಲ್ಲಿ ಅವಮಾನವೇನೂ ಇಲ್ಲ. ಮದುವೆ ಮುಂಜಿಗಳಲ್ಲಿ ಓಲಗದವರನ್ನೋ ಗೋಷ್ಠಿಯವರನ್ನೋ ಕರೆಸಿದಾಗ, ಸಂಭಾವನೆಯ ಜೊತೆಗೆ ಅರ್ಧ ಗಂಟೆಯ ಮೌನವನ್ನೂ ಕೊಡಿರಿ. ತಿಂಗಳಿಗೊಮ್ಮೆ ಮಕ್ಕಳ ಕೈಹಿಡಿದು ಸಮೀಪದ ಒಂದು ಸಣ್ಣ ಕಛೇರಿಗೆ ಹೋಗಿ ಕುಳಿತುಕೊಳ್ಳಿರಿ.

ವಾದ್ಯವನ್ನು ತೂಗುವ ತಕ್ಕಡಿ ಯಾವುದೆಂದು ಮೊದಲಿಗೆ ಕೇಳಿದೆವು. ಅದರ ಒಂದು ತಟ್ಟೆಯಲ್ಲಿ ಕುಳಿತುಕೊಳ್ಳಬೇಕಾದವರು ನಾವೇ. ಮಹಡಿಯ ಯುವಕನು ಈಚೆಗೆ ಭಾನುವಾರಗಳಂದು ಆ ಹುಡುಗಿಗೂ ಅವಳ ಗೆಳೆಯರಿಗೂ ಪಾಠ ಹೇಳುತ್ತಿದ್ದಾನೆ. ಸದ್ದು ನಮ್ಮ ಕೊಠಡಿಗೆ ಚೆನ್ನಾಗಿಯೇ ಕೇಳಿಸುತ್ತದೆ. ಕಿಟಕಿಯನ್ನು ನಾವು ಮುಚ್ಚುತ್ತಿಲ್ಲ.