ಸರಪಳಿ ತುಂಡಾದರೆ ಯಾರು ಇಳಿಯಬೇಕು?

ಪಂಪು ಕೆಟ್ಟರೆ ಊರು ನಾರುತ್ತದೆ. ಊರು ನಾರಿದರೆ ಗುತ್ತಿಗೆದಾರನ ಆಳು ನಮ್ಮ ಕೇರಿಗೆ ಬರುತ್ತಾನೆ. 'ಬಾರೋ, ಇಳಿದು ನೋಡು, ಐದು ನಿಮಿಷದ ಕೆಲಸ' ಅಂತಾನೆ. ಕಾಗದದಲ್ಲಿ ಇದಕ್ಕೆ ನಿರ್ವಹಣೆ ಎಂದು ಹೆಸರು.

ಮಿಷನ್ನಿನ ಮಾತಲ್ಲಿ ಜಾತಿ ಯಾಕೆ ತರ್ತೀರಿ ಎಂದು ಕೇಳುವ ಓದಿದವರಿಗೆ ನಾವು ಆ ಮಿಷನ್ನನ್ನೇ ತೋರಿಸುತ್ತೇವೆ. ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ ನೀರು ಮೊದಲು ಬಂದು ಬೀಳುವುದು ಆಳದ ಬಾವಿಗೆ. ಬಾವಿಗೆ ಮುಂಚೆ ಕಬ್ಬಿಣದ ಜಾಲರಿ, ಬಟ್ಟೆ, ಪ್ಲಾಸ್ಟಿಕ್ಕು ಅಲ್ಲೇ ನಿಲ್ಲಲಿ ಎಂದು. ತಳದಲ್ಲಿ ಪಂಪು. ಅದನ್ನು ಕೂರಿಸುವಾಗಲೇ ಜಾರಿಸಲು ಪೈಪು, ಎತ್ತಲು ಸರಪಳಿ ಕೊಡುತ್ತಾರೆ. ಕೆಟ್ಟರೆ ಸರಪಳಿಯಿಂದ ಮೇಲಕ್ಕೆ ಎಳೆಯಬೇಕು, ಮನುಷ್ಯ ಇಳಿಯಕೂಡದು. ಪಂಪು ಮಾಡಿದವನಿಗೆ ಇಷ್ಟು ಬುದ್ಧಿ ಇತ್ತು. ಒಂದು ನಿಂತರೆ ಇನ್ನೊಂದು ಓಡಲಿ ಎಂದು ಪಕ್ಕದಲ್ಲಿ ಸ್ಟ್ಯಾಂಡ್‌ಬೈ ಪಂಪೂ ಇರುತ್ತದೆ.

ಆಮೇಲೆ ಏನಾಗ್ತದೆ? ಜಾಲರಿಯ ಸರಳು ಮುರಿಯುತ್ತದೆ, ಯಾರೂ ಬೆಸುಗೆ ಹಾಕಿಸುವುದಿಲ್ಲ. ಬಟ್ಟೆ ಒಳಗೆ ನುಗ್ಗಿ ಪಂಪಿನ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ. ಮೋಟಾರು ಸುಡುತ್ತದೆ. ಸ್ಟ್ಯಾಂಡ್‌ಬೈ ಪಂಪಿನ ಸಾಮಾನು ಬಿಚ್ಚಿ ಎಂದೋ ಇದಕ್ಕೇ ಹಾಕಿ ಆಗಿದೆ. ಗುಂಡಿಯ ಗಾಳಿಗೆ ಕಾಂಕ್ರೀಟೇ ಉದುರುತ್ತದೆ, ಇನ್ನು ಸರಪಳಿ ಯಾವ ಲೆಕ್ಕ? ಎಳೆದರೆ ತುಂಡು. ಈಗ ಉಳಿದಿರುವ ಸ್ಟ್ಯಾಂಡ್‌ಬೈ ನಾವೇ.

ಆ ಗಾಳಿಯ ಹೆಸರು ಹೈಡ್ರೋಜನ್ ಸಲ್ಫೈಡ್. ಸ್ವಲ್ಪ ಇದ್ದರೆ ಕೊಳೆತ ಮೊಟ್ಟೆಯ ನಾತ. ಜಾಸ್ತಿಯಾದರೆ ಮೂಗೇ ಸಾಯುತ್ತದೆ. ನಾತ ಹೋಯ್ತು ಎಂದು ಇಳಿದವನು ಅಲ್ಲೇ ಬೀಳುತ್ತಾನೆ, ಅವನನ್ನು ಎತ್ತಲು ಹೋದವನೂ ಬೀಳುತ್ತಾನೆ. 2018ರ ಜನವರಿಯಲ್ಲಿ ಬೆಂಗಳೂರಿನ ಸೋಮಸುಂದರಪಾಳ್ಯದ ಅಪಾರ್ಟ್‌ಮೆಂಟೊಂದರ ಘಟಕದಲ್ಲಿ ಮೂವರು ಸತ್ತರು.

ಇಲ್ಲೊಂದು ತಮಾಷೆ ನೋಡಿ. ಘಟಕದ ತೊಟ್ಟಿಯಲ್ಲಿ ಕೊಳೆ ತಿನ್ನುವ ಜೀವಾಣುಗಳಿರುತ್ತವೆ. ಅವಕ್ಕೆ ಉಸಿರು ಬೇಕು ಎಂದು ಹಗಲು ರಾತ್ರಿ ಬ್ಲೋವರಿನಿಂದ ಗಾಳಿ ಊದುತ್ತಾರೆ. ಕರೆಂಟು ಹೋದರೆ ಜನರೇಟರು. ಕಣ್ಣಿಗೆ ಕಾಣದ ಹುಳಕ್ಕೂ ಟೆಂಡರಿನಲ್ಲಿ ಉಸಿರು ಬರೆದಿದೆ. ಗುಂಡಿಗೆ ಇಳಿಯುವವನ ಉಸಿರು ಯಾವ ಕಾಲಮ್ಮಿನಲ್ಲಿದೆ ಸ್ವಾಮಿ?

ದುಡ್ಡಿಲ್ಲ ಅಂತಾರೆ. ಘಟಕ ಕಟ್ಟಲು ಕೋಟಿಗಟ್ಟಲೆ ಇರುತ್ತದೆ, ಕಲ್ಲಿನ ಮೇಲೆ ಮಂತ್ರಿಗಳ ಹೆಸರು ಕೆತ್ತಿಸಲೂ ಇರುತ್ತದೆ. ಬೇರಿಂಗು ಬದಲಿಸಿದ್ದಕ್ಕೆ, ಗ್ರೀಸು ಹಾಕಿದ್ದಕ್ಕೆ ಯಾರೂ ಟೇಪು ಕತ್ತರಿಸುವುದಿಲ್ಲ. ಸವೆದ ಸಾಮಾನು ಕೆಡುವ ಮೊದಲೇ ಬದಲಿಸು ಎನ್ನುವುದು ಎತ್ತಿನ ಗಾಡಿಯ ಕೀಲಿಗೆ ಎಣ್ಣೆ ಬಿಡುವ ನಮ್ಮಪ್ಪಂದಿರಿಗೂ ಗೊತ್ತಿದ್ದ ವಿದ್ಯೆ. ಇವರು ಬದಲಿಸುವುದಿಲ್ಲ, ಯಾಕೆಂದರೆ ಎಲ್ಲಕ್ಕಿಂತ ಅಗ್ಗದ ಬಿಡಿಭಾಗ ಕೇರಿಯಲ್ಲಿ ಸಿಗುತ್ತದೆ.

1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ತಲೆಯಿಂದ ಇಳಿದದ್ದು ಈಗ ಕೊರಳಮಟ್ಟಕ್ಕೆ ಬಂದಿದೆ. 2013ರಲ್ಲಿ ಕಾಯ್ದೆ ಬಂತು. ಸತ್ತವರ ಮನೆಗೆ 10 ಲಕ್ಷ ಕೊಡಿ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. 2023ರಲ್ಲಿ ಅದನ್ನು 30 ಲಕ್ಷ ಮಾಡಿ, ಈ ಕೆಲಸವನ್ನೇ ಇಲ್ಲವಾಗಿಸಿ ಎಂದಿತು. ಅಧಿಕಾರಿಗಳ ಕಿವಿಗೆ ಬಿದ್ದದ್ದು ಲಕ್ಷದ ಮಾತು ಮಾತ್ರ. ಹೆಣದ ರೇಟು ಅವರಿಗೆ ಬಾಯಿಪಾಠ. ಸರಪಳಿಯ ರೇಟು ಕೇಳಿ ನೋಡಿ!

ಗೆಳೆಯರೇ, ಹಳ್ಳಿ ಶಾಲೆಯ ಮೇಷ್ಟ್ರೇ, ನಿಮ್ಮ ತಾಲ್ಲೂಕು ಕೇಂದ್ರದಲ್ಲೂ ಘಟಕ ಇರಬಹುದು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಪುರಸಭೆಗೆ 10 ರೂಪಾಯಿಯ ಅರ್ಜಿ ಹಾಕಿ. ಘಟಕದ ಲಾಗ್‌ಬುಕ್ ಕೇಳಿ. ಸ್ಟ್ಯಾಂಡ್‌ಬೈ ಪಂಪು ಕೊನೆಗೆ ಓಡಿದ್ದು ಯಾವತ್ತು? ಸರಪಳಿ ಬದಲಿಸಿದ್ದು ಯಾವತ್ತು? ಉಗ್ರಾಣದಲ್ಲಿ ಬೇರಿಂಗು ಎಷ್ಟಿವೆ? ಗಾಳಿ ಅಳೆಯುವ ಮೀಟರು ಇದೆಯೇ, ನಡೆಯುತ್ತಿದೆಯೇ? ಕಳೆದ ವರ್ಷ ಬಾವಿಗೆ ಇಳಿದವರು ಯಾರು, ಇಳಿಸಿದವರು ಯಾರು? 30 ದಿನದೊಳಗೆ ಉತ್ತರ ಕೊಡಲೇಬೇಕು.