ಪುಕ್ಕಟೆ ಆಟದ ಪಣ

2003ರಲ್ಲಿ ಅಮೆರಿಕದ ಲೆಕ್ಕಿಗರೊಬ್ಬರು ಪೋಕರ್ ಇಸ್ಪೀಟಿನ ವಿಶ್ವಪಂದ್ಯ ಗೆದ್ದು 25 ಲಕ್ಷ ಡಾಲರ್ ಪಡೆದರು. ಆನಂತರ ಅಲ್ಲಿನ ಬಾರು, ಹೋಟೆಲುಗಳಲ್ಲಿ ಪುಕ್ಕಟೆ ಪೋಕರ್ ಕೂಟಗಳು ಹಬ್ಬಿದವು. ಪ್ರವೇಶಶುಲ್ಕವಿಲ್ಲ, ಬಿಲ್ಲೆಗಳಿಗೆ ಬೆಲೆಯಿಲ್ಲ. ಗೆದ್ದವರಿಗೆ ಅಂಕಗಳು, ಸಣ್ಣ ಬಹುಮಾನ.

ಹಣವಿಡದ ಮೇಲೆ ದೋಷವೆಲ್ಲಿ ಎಂದು ಕೇಳಬಹುದು. ಹಣದ ಜೂಜಿಗಿಂತ ಇದು ಮೇಲೆಂಬುದು ನಿಜ. ಒಂಟಿ ಜೀವಕ್ಕೆ ನಾಲ್ಕು ಜನರ ಸಂಗ ದೊರೆಯುವುದೂ ಸುಳ್ಳಲ್ಲ. ಆದರೆ ಗಿರಾಕಿ ಕಡಿಮೆಯಿರುವ ದಿನಗಳಲ್ಲಿ ಕುರ್ಚಿ ತುಂಬಲೆಂದೇ ಬಾರಿನ ಮಾಲೀಕ ಕೂಟ ನಡೆಸುವವರಿಗೆ ಹಣ ತೆರುತ್ತಾನೆ. ಅದು ಮದ್ಯದ ಬಟ್ಟಲಿನಿಂದಲೇ ಮರಳಬೇಕು. ಆಟಗಾರನೂ ಪಣವಿಡುತ್ತಾನೆ, ಮನೆಯವರಿಗೆ ಸಲ್ಲಬೇಕಾದ ಸಂಜೆಯನ್ನು. ಸೋತ ಬಿಲ್ಲೆ ಮರುವಾರ ಪುನಃ ಸಿಕ್ಕೀತು, ಸೋತ ಸಂಜೆ ಸಿಗದು. ಕಾಯಕ ಮುಗಿದು ಉಳಿದ ವೇಳೆಯೂ ಶಿವಪ್ರಸಾದವೇ. ಅದನ್ನು ಯಾರಿಗೆ ಸಲ್ಲಿಸಬೇಕೆಂಬುದನ್ನು ವಿವೇಕಿಯು ಆಟಕ್ಕೆ ಕೂರುವ ಮೊದಲೇ ಅರಿಯಬೇಕು.