ಆರಿಸಿ ತಂದ ನೆರೆಹೊರೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಗೃಹಸ್ಥರ ಅನುಭವದಿಂದ ಹುಟ್ಟಿದುದು. ಒಂದು ಊರನ್ನೇ ಕಟ್ಟಿ, ಅದರಲ್ಲಿ ಯಾರು ವಾಸಿಸತಕ್ಕುದು, ಯಾರು ವಾಸಿಸಬಾರದು ಎಂಬುದನ್ನೂ ತಾನೇ ನಿಶ್ಚಯಿಸಿದ ಸರಕಾರದ ಅನುಭವವೆಂತಹುದು? ಅಮೆರಿಕದ ರಾಜಧಾನಿಯಾದ ವಾಷಿಂಗ್‌ಟನ್ನಿನಿಂದ ಈಶಾನ್ಯಕ್ಕೆ ಸುಮಾರು 12 ಮೈಲಿ ದೂರದಲ್ಲಿರುವ ಗ್ರೀನ್‌ಬೆಲ್ಟ್ ಎಂಬ ಉಪನಗರದ ಚರಿತ್ರೆ ಅದನ್ನು ತಿಳಿಸುತ್ತದೆ. ಊರು ದೊಡ್ಡದಲ್ಲ, 2020ರ ಜನಗಣತಿಯಲ್ಲಿಯೂ ಅಲ್ಲಿನ ಜನಸಂಖ್ಯೆ 25,000ವನ್ನು ಮುಟ್ಟಲಿಲ್ಲ.

ಆರ್ಥಿಕ ಮುಗ್ಗಟ್ಟಿನಿಂದ ಲಕ್ಷಾಂತರ ಜನರು ಕೆಲಸವಿಲ್ಲದೆ ಕುಳಿತಿದ್ದ ಕಾಲವದು. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟರ ಸರಕಾರವು ದುಡಿಯುವ ಕೈಗಳಿಗೆ ಕೆಲಸವನ್ನೂ ಅಲ್ಪ ವರಮಾನದ ಕುಟುಂಬಗಳಿಗೆ ಮನೆಯನ್ನೂ ಒಮ್ಮೆಗೇ ಒದಗಿಸಲು 1935ರಲ್ಲಿ ಹೊಸ ಊರುಗಳ ನಿರ್ಮಾಣಕ್ಕೆ ಕೈಹಾಕಿತು. ರೆಕ್ಸ್‌ಫರ್ಡ್ ಟಗ್‌ವೆಲ್ ಎಂಬ ಅರ್ಥಶಾಸ್ತ್ರಜ್ಞರು ಇದರ ಸೂತ್ರಧಾರರು. ಅಂತಹ ಮೂರು ಊರುಗಳು ಮೇಲೆದ್ದವು. ಗ್ರೀನ್‌ಬೆಲ್ಟ್ ಅವುಗಳಲ್ಲಿ ಮೊದಲನೆಯದು. ಅರ್ಧಚಂದ್ರಾಕಾರದ ಬೀದಿಗಳು, ಒಂದು ಬದಿ ಬೀದಿಗೂ ಇನ್ನೊಂದು ಬದಿ ಹಸುರು ಬಯಲಿಗೂ ತೆರೆದುಕೊಳ್ಳುವ ಸಾಲುಮನೆಗಳು, ಕೂಲಿಕಾರರು ಅಗೆದು ಮಾಡಿದ ಕೆರೆ. ಮೋಟಾರು ರಸ್ತೆಯನ್ನು ದಾಟುವ ಭಯವಿಲ್ಲದೆ ಮಕ್ಕಳು ಶಾಲೆಗೂ ಅಂಗಡಿಗೂ ಹೋಗಿಬರುವಂತೆ ರಸ್ತೆಯಡಿಯಲ್ಲಿ ಸುರಂಗದಾರಿಗಳನ್ನು ಮಾಡಿದ್ದರು. ತಾಯಂದಿರ ಮನಸ್ಸನ್ನು ಬಲ್ಲವರಾರೋ ಈ ನಕ್ಷೆಯನ್ನು ಬರೆದಿರಬೇಕು.

ಆದರೆ ನಕ್ಷೆ ಬರೆದವರು ಇಷ್ಟಕ್ಕೆ ನಿಲ್ಲಲಿಲ್ಲ. 885 ಮನೆಗಳಿಗೆ 5,000ಕ್ಕೂ ಮೀರಿದ ಅರ್ಜಿಗಳು ಬಂದುವು. ವರ್ಷಕ್ಕೆ 800ರಿಂದ 2,200 ಡಾಲರುಗಳವರೆಗಿನ ವರಮಾನವುಳ್ಳವರನ್ನು ಮಾತ್ರ ಪರಿಗಣಿಸಲಾಯಿತು. ಅಧಿಕಾರಿಗಳು ಕುಟುಂಬಗಳನ್ನು ಕಂಡು, ಮಾತನಾಡಿಸಿ, ವಿಚಾರಿಸಿ ಆರಿಸಿದರು. ಸುತ್ತಣ ಪ್ರದೇಶದಲ್ಲಿ ಪ್ರಾಟೆಸ್ಟೆಂಟರು, ಕ್ಯಾಥೊಲಿಕರು, ಯೆಹೂದ್ಯರು ಯಾವ ಪ್ರಮಾಣದಲ್ಲಿದ್ದರೋ ಅದೇ ಪ್ರಮಾಣದಲ್ಲಿ ಹೊಸ ಊರಿನಲ್ಲಿಯೂ ಇರಬೇಕೆಂದು ಲೆಕ್ಕಹಾಕಿದರು. ಗಂಡನೊಡನೆ ಹೆಂಡತಿಯೂ ನೌಕರಿ ಮಾಡುವ ಸಂಸಾರಕ್ಕೆ ಮೊದಮೊದಲು ಅಲ್ಲಿ ಎಡೆಯಿರಲಿಲ್ಲ. ನಾಯಿ ಸಾಕಕೂಡದು. ಒಗೆದ ಬಟ್ಟೆಗಳನ್ನು ಸಂಜೆ ನಾಲ್ಕು ಗಂಟೆಯೊಳಗಾಗಿ ಹಗ್ಗದಿಂದ ತೆಗೆದುಬಿಡಬೇಕು; ಭಾನುವಾರವಂತೂ ಹರವಲೇಬಾರದು! ಮಳೆಗಾಲದಲ್ಲಿ ಬಟ್ಟೆ ಒಣಗಿಸಿ ಬಲ್ಲ ಗೃಹಿಣಿಯರು ಈ ಕಾನೂನನ್ನು ಮಾಡಿದವರ ಬಗೆಗೆ ಏನೆಂದುಕೊಂಡಾರು ಎಂಬುದನ್ನು ಬರೆಯಬೇಕಾಗಿಲ್ಲ.

ನಗೆಗೆ ಎಡೆಯಿಲ್ಲದ ನಿಯಮವೊಂದಿದ್ದಿತು. ಊರನ್ನು ಕಟ್ಟಲು ಬೆವರು ಸುರಿಸಿದವರಲ್ಲಿ ಕಪ್ಪು ಜನಾಂಗದ ಕೂಲಿಕಾರರು ಅನೇಕರು. ಅವರ ಪೈಕಿ ಒಂದು ಕುಟುಂಬಕ್ಕೂ ಅಲ್ಲಿ ಮನೆ ಸಿಗಲಿಲ್ಲ. ಅವರಿಗಾಗಿ ಪಕ್ಕದಲ್ಲಿಯೇ ಪ್ರತ್ಯೇಕ ಗ್ರಾಮವೊಂದನ್ನು ಮಾಡುವ ಯೋಜನೆ ಹುಟ್ಟಿ, ಕಾಗದದ ಮೇಲೆಯೇ ಸತ್ತಿತು.

ಮೊದಲ ಕುಟುಂಬಗಳು ಬಂದುದು 1937ರ ಅಕ್ಟೋಬರಿನ ಆದಿಯಲ್ಲಿ. ಎಲ್ಲರೂ ಹೆಚ್ಚುಕಡಿಮೆ ಒಂದೇ ವಯಸ್ಸಿನ ದಂಪತಿಗಳು. ಮನೆ ತುಂಬ ಚಿಕ್ಕ ಮಕ್ಕಳು. ಹಿರಿಯರಿಲ್ಲ, ಹಳೆಯ ಪರಿಚಯಗಳಿಲ್ಲ. ಎರಡು ತಿಂಗಳು ತುಂಬುವುದರೊಳಗಾಗಿ ತಾವೇ ಒಂದು ವಾರಪತ್ರಿಕೆಯನ್ನು ಹೊರಡಿಸಿದರು. ಬಾಸ್ಟನ್ನಿನ ವರ್ತಕ ಎಡ್ವರ್ಡ್ ಫೈಲೀನರು ಸ್ಥಾಪಿಸಿದ ಸಂಸ್ಥೆಯೊಂದು ಸಾಲ ಕೊಟ್ಟು ತೆರೆಯಿಸಿದ ಅಂಗಡಿಗಳನ್ನು 1940ರಲ್ಲಿ ಊರವರ ಸಹಕಾರ ಸಂಘವೇ ಕೊಂಡಿತು. ಸಂಘಗಳು, ಸಮಿತಿಗಳು, ಉಪಸಮಿತಿಗಳು ಎಷ್ಟಾದವೆಂದರೆ, ಕ್ರಿಸ್‌ಮಸ್ ಕಾಲದಲ್ಲಾದರೂ ಜನರು ತಮ್ಮ ತಮ್ಮ ಮನೆಯಲ್ಲಿರಲೆಂದು ಸಭೆಗಳಿಗೇ ರಜೆ ಕೊಡಬೇಕಾಯಿತು. ಸರಕಾರವು ಊರನ್ನು ಮಾರಲು ಹೊರಟಾಗ, 1952ರ ಕೊನೆಯಲ್ಲಿ, ನಿವಾಸಿಗಳ ಗೃಹನಿರ್ಮಾಣ ಸಹಕಾರ ಸಂಘವೇ 60 ಲಕ್ಷ ಡಾಲರುಗಳಿಗೂ ಮೀರಿದ ಬೆಲೆಗೆ ಸುಮಾರು 1,600 ಮನೆಗಳನ್ನು ಕೊಂಡಿತು. ಬಾಡಿಗೆದಾರರು ಒಡೆಯರಾದರು.

ಹೊರಗಿನವರಿಗೆ ಇದೆಲ್ಲ ಸಂಶಯಾಸ್ಪದವಾಗಿ ತೋರಿತು. ಅಂಗಡಿ ಎಲ್ಲರದು, ಮನೆ ಎಲ್ಲರದು ಎಂದರೆ ಇದು ಸಮತಾವಾದವಲ್ಲದೆ ಮತ್ತೇನು? ಕಮ್ಯೂನಿಸ್ಟರ ಭೂತವು ಅಮೆರಿಕವನ್ನು ಹಿಡಿದು ಅಲುಗಿಸುತ್ತಿದ್ದ ಆ ವರ್ಷಗಳಲ್ಲಿ ಇಂತಹ ಮಾತು ಬರಿಯ ಹರಟೆಯಾಗಿ ಉಳಿಯಲಿಲ್ಲ. 1953ರ ಜುಲೈ ತಿಂಗಳಿನಲ್ಲಿ ಅದು ಅಬ್ರಹಾಂ ಚಾಸನೋವರ ಮನೆಯ ಬಾಗಿಲಿಗೆ ಬಂದಿತು.

ಚಾಸನೋ ಅವರು ನೌಕಾ ಇಲಾಖೆಯ ಜಲನಕ್ಷೆಗಳ ಕಚೇರಿಯಲ್ಲಿ 20 ವರ್ಷಗಳಿಗೂ ಮಿಕ್ಕಿ ದುಡಿದಿದ್ದ ನೌಕರರು, ಯೆಹೂದ್ಯರು, ಊರಿನ ಸಹಕಾರಿ ಕಾರ್ಯಗಳಲ್ಲಿ ಮುಂದಾಗಿ ನಿಲ್ಲುತ್ತಿದ್ದವರು. ಗ್ರೀನ್‌ಬೆಲ್ಟಿನ ಉಗ್ರವಾದಿಗಳೊಡನೆ ಅವರಿಗೆ ಒಡನಾಟವುಂಟೆಂಬ ಆಪಾದನೆಯ ಮೇಲೆ, ಸಂಬಳವಿಲ್ಲದೆ, ಅವರನ್ನು ಕೆಲಸದಿಂದ ದೂರವಿರಿಸಲಾಯಿತು. ಹೀಗೆಂದು ಹೇಳಿದವರಾರು? ಅದನ್ನು ಅವರಿಗೆ ತಿಳಿಸಲಿಲ್ಲ. ಎದುರಿಗೆ ಬಾರದ ಸಾಕ್ಷಿಗೆ ಉತ್ತರ ಕೊಡುವುದು ಹೇಗೆ? ಸಾಲುಮನೆಗಳ ಊರಿನಲ್ಲಿ ಯಾರ ಮನೆಗೆ ಯಾರು ಬಂದರು, ಯಾವ ಸಭೆಯಲ್ಲಿ ಯಾರ ಪಕ್ಕಕ್ಕೆ ಯಾರು ಕುಳಿತರು ಎಂಬುದು ಎಲ್ಲರಿಗೂ ತಿಳಿದ ಸಂಗತಿ. ಮಗುವಿಗೆ ಜ್ವರ ಬಂದಾಗ ಓಡಿಬರಲು ಅನುಕೂಲವಾದ ಅದೇ ಸಾಮೀಪ್ಯವು ಗೋಡೆಗೂ ಕಿವಿ ಮೂಡಿಸಿದ್ದಿತು.

ಆ ಸಾಮೀಪ್ಯದ ಇನ್ನೊಂದು ಮುಖವೂ ಆಗ ಹೊರಬಿದ್ದಿತು. ಅಂದು ಆಪಾದಿತನ ಪರವಾಗಿ ಬಾಯಿತೆರೆದವನ ಹೆಸರೂ ಕಡತ ಸೇರುವ ಸಂಭವವಿದ್ದಿತು. ಊರಿನವರಲ್ಲಿ ಬಹುಮಂದಿ ಸರಕಾರಿ ನೌಕರರು. ಅವರಿಗೆ ಈ ಭಯ ಸಣ್ಣದಲ್ಲ. ಹಾಗಿದ್ದರೂ ನೂರಕ್ಕೆ ಸಮೀಪವಾಗಿ ಪ್ರಮಾಣಪತ್ರಗಳು ಚಾಸನೋ ಅವರ ಪರವಾಗಿ ಸಲ್ಲಿಕೆಯಾದವು. ಪಾದ್ರಿಗಳು ಬರೆದರು, ನೆರೆಯವರು ಬರೆದರು. ವಿಚಾರಣಾ ಮಂಡಲಿಯು ಅವರನ್ನು ನಿರ್ದೋಷಿಯೆಂದಿತು. ಮೇಲಿನ ಮಂಡಲಿಯು ಅದನ್ನು ತಳ್ಳಿಹಾಕಿ 1954ರಲ್ಲಿ ಅವರನ್ನು ವಜಾ ಮಾಡಿತು. ವಾಷಿಂಗ್‌ಟನ್ ಡೈಲಿ ನ್ಯೂಸ್ ಪತ್ರಿಕೆಯ ತರುಣ ವರದಿಗಾರ ಆಂಥೊನಿ ಲೂಯಿಸರು ಈ ಅನ್ಯಾಯವನ್ನು ಲೇಖನಮಾಲೆಯಾಗಿ ಬರೆಯದೆ ಇದ್ದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿದ್ದಿತು. ಪ್ರಕರಣವನ್ನು ಮತ್ತೆ ತೆರೆದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಚಾಸನೋ ಮರಳಿ ಕೆಲಸಕ್ಕೆ ನೇಮಕಗೊಂಡರು. ಅವರಿಗೆ ಅನ್ಯಾಯವಾಯಿತೆಂದು ನೌಕಾ ಇಲಾಖೆಯು ಬಹಿರಂಗವಾಗಿ ಒಪ್ಪಿಕೊಂಡಿತು. ಲೂಯಿಸರಿಗೆ 1955ರಲ್ಲಿ ಪುಲಿಟ್ಜರ್ ಪಾರಿತೋಷಕ ದೊರೆಯಿತು. ಹಾಲಿವುಡ್ಡಿನವರು ಹೆಸರುಗಳನ್ನು ಬದಲಿಸಿ ‘ಥ್ರೀ ಬ್ರೇವ್ ಮೆನ್’ ಎಂಬ ಚಿತ್ರವನ್ನೂ ತೆಗೆದರು. ಒಂದು ವರ್ಷಕ್ಕೂ ಮೀರಿದ ಆ ಕಾಲದಲ್ಲಿ ಎದುರುಮನೆಯವರ ಮುಖವನ್ನು ನೋಡಿದಾಗಲೆಲ್ಲ ಆ ಸಂಸಾರಕ್ಕೆ ಏನೆನಿಸಿರಬಹುದು? ಅದನ್ನು ಯಾವ ಚಿತ್ರ ತೋರಿಸೀತು?

ಊರಿನ ಪತ್ರಿಕೆಗೂ ಒಂದು ಗಂಡಾಂತರ ಬಂದಿತು. ‘ನ್ಯೂಸ್ ರಿವ್ಯೂ’ ಎಂಬ ಹೆಸರಿನ ಅದು ಸ್ವಯಂಸೇವಕರು ನಡೆಸುವ, ಮನೆಮನೆಗೆ ಬಿಟ್ಟಿಯಾಗಿ ಹಂಚುವ ಪತ್ರಿಕೆ. 1965ರಲ್ಲಿ ಚಾರ್ಲ್ಸ್ ಬ್ರೆಸ್ಲರ್ ಎಂಬ ಭೂವ್ಯವಹಾರಸ್ಥರು ತಮ್ಮ ಒಂದು ಜಮೀನಿನಲ್ಲಿ ಮನೆಗಳನ್ನು ಒತ್ತೊತ್ತಾಗಿ ಕಟ್ಟಲು ನಗರಸಭೆಯ ಒಪ್ಪಿಗೆಯನ್ನು ಬಯಸಿದ್ದರು. ಅವರದೇ ಇನ್ನೊಂದು ಜಮೀನು ಪ್ರೌಢಶಾಲೆಗಾಗಿ ನಗರಕ್ಕೆ ಬೇಕಾಗಿದ್ದಿತು. ಇವೆರಡನ್ನೂ ಗಂಟುಹಾಕಿ ಅವರು ನಡೆಸಿದ ಚೌಕಾಶಿಯನ್ನು ಸಭೆಯಲ್ಲಿ ಕೆಲವರು ‘ಬ್ಲ್ಯಾಕ್‌ಮೇಲ್’ ಎಂದು ಕರೆದರು. ಪತ್ರಿಕೆ ಅದನ್ನು ಹಾಗೆಯೇ ಅಚ್ಚು ಮಾಡಿತು. ಮಾನನಷ್ಟ ಮೊಕದ್ದಮೆ ಹೂಡಲ್ಪಟ್ಟು, 17,500 ಡಾಲರು ತೆರಬೇಕೆಂಬ ತೀರ್ಪಾಯಿತು. ಸಂಬಳವನ್ನೇ ಕೊಡದ ಪತ್ರಿಕೆಯು ಈ ಹಣವನ್ನು ಎಲ್ಲಿಂದ ತಂದೀತು? ಊರವರು ಮನೆಮನೆ ತಿರುಗಿ ಚಂದಾ ಎತ್ತಿದರು. ಮೊಕದ್ದಮೆಯು ಸುಪ್ರೀಂ ಕೋರ್ಟಿನವರೆಗೆ ಏರಿತು. 1970ರ ಮೇ ತಿಂಗಳಿನಲ್ಲಿ ಕೋರ್ಟು ತೀರ್ಪನ್ನು ರದ್ದು ಮಾಡಿತು: ಬಿಸಿಬಿಸಿ ಚರ್ಚೆಯಲ್ಲಿ ಆಡಿದ ಮಾತು ಅದು, ಬ್ರೆಸ್ಲರರು ದಂಡನೀಯ ಅಪರಾಧ ಮಾಡಿದರೆಂದು ಅದರಿಂದ ಯಾವ ಓದುಗನೂ ತಿಳಿಯಲಾರನು ಎಂಬುದು ನ್ಯಾಯಮೂರ್ತಿ ಪಾಟರ್ ಸ್ಟೂವರ್ಟರ ಅಭಿಪ್ರಾಯ.

ಈ ನಡುವೆ ಊರು ಬೆಳೆಯಿತು. 1954ರಲ್ಲಿ ಒಂದು, 1964ರಲ್ಲಿ ಇನ್ನೊಂದು ಹೆದ್ದಾರಿ ಬಂದು ಅದನ್ನು ಸೀಳಿದವು. ಹಳೆಯ ಅರ್ಧಚಂದ್ರ ಬೀದಿಗಳು ಒಂದು ಕಡೆಗುಳಿದು, ಹೊಸ ಬಾಡಿಗೆಮನೆಗಳ ಬಡಾವಣೆಗಳು ಹೆದ್ದಾರಿಯಾಚೆ ಎದ್ದವು. ಸುರಂಗದಾರಿಯಲ್ಲಿ ಮಗುವನ್ನು ಶಾಲೆಗೆ ಕಳುಹಿದ ನಕ್ಷೆಗಾರರು ಇಂತಹ ರಸ್ತೆಗಳನ್ನು ಕನಸಿನಲ್ಲಿಯೂ ಕಂಡಿರಲಿಲ್ಲ. ಕಾಲಕ್ರಮದಲ್ಲಿ ನಗರದ ನಿವಾಸಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರು, ಮೊದಲ ಪಟ್ಟಿಯಲ್ಲಿ ಒಬ್ಬರೂ ಇಲ್ಲದಿದ್ದ ಕಪ್ಪು ಜನಾಂಗದವರಾದರು. ಆದರೂ ನಗರಸಭೆಯ ಪೀಠಗಳಲ್ಲಿ ಅವರು ಕಾಣಿಸಿಕೊಳ್ಳಲಿಲ್ಲ. ನಾಗರಿಕ ಹಕ್ಕುಗಳ ಸಂಘಟನೆಗಳು ಆಕ್ಷೇಪವೆತ್ತಿದ ಬಳಿಕ ಸದಸ್ಯಸ್ಥಾನಗಳನ್ನು ಐದರಿಂದ ಏಳಕ್ಕೆ ಏರಿಸಿದರು. 2009ರ ಚುನಾವಣೆಯಲ್ಲಿ ಎಮೆಟ್ ಜೋರ್ಡನ್ ಎಂಬುವರು ಆರಿಸಿ ಬಂದು ಆ ಸಭೆಯ ಮೊದಲ ಕಪ್ಪು ಸದಸ್ಯರಾದರು. ಊರು ಕಟ್ಟಿ ಆಗ 72 ವರ್ಷಗಳಾಗಿದ್ದವು. ಮುಂದೆ ಅವರೇ ಮೇಯರರೂ ಆದರು.